ನೆಲದಡಿಯ ಹೊಳೆ: ಬೀದರಿನ ಸುರಂಗ ಬಾವಿಗಳು



ಹೊಳೆಯೊಂದು ದಾರಿಗೆ ಅಡ್ಡಬಂದರೆ ಅದನ್ನು ದಾಟುವುದಕ್ಕೆ ಮೂರು ಉಪಾಯಗಳನ್ನು ಮನುಷ್ಯನು ಬಹು ಹಿಂದಿನಿಂದಲೂ ಬಲ್ಲನು. ನೀರಿಗೆ ಇಳಿದು ಹಾಯಬಹುದು. ದೋಣಿಯಲ್ಲೋ ಹರಿಗೋಲಿನಲ್ಲೋ ತೇಲಬಹುದು. ಸೇತುವೆಯನ್ನು ಕಟ್ಟಿ ಮೇಲೆ ನಡೆಯಬಹುದು. ನಾಲ್ಕನೆಯ ಉಪಾಯವೊಂದುಂಟು. ಹೊಳೆಯ ತಳಕ್ಕಿಂತಲೂ ಕೆಳಗೆ ಇಳಿದು, ನೆಲವನ್ನು ಕೊರೆಯುತ್ತ ಸಾಗಿ, ಆಚೆಯ ದಡದಲ್ಲಿ ಮೇಲಕ್ಕೆ ಏಳುವುದು. ಬಾಬಿಲೋನಿನ ರಾಣಿ ಸೆಮಿರಾಮಿಸಳು ಯೂಫ್ರೆಟೀಸ್ ನದಿಯ ಅಡಿಯಲ್ಲಿ ಇಂತಹ ದಾರಿಯೊಂದನ್ನು ಮಾಡಿಸಿದಳೆಂದು ಗ್ರೀಕ್ ಗ್ರಂಥಕಾರನಾದ ಡಿಯೊಡೋರಸನು ಬರೆದಿದ್ದಾನೆ. ಆದರೆ ಅದು ಕಥೆಯ ಮಾತು. ಚರಿತ್ರೆಯ ಮಾತಿಗೆ ಬಂದರೆ, ಹಡಗುಗಳು ಸಂಚರಿಸುವ ದೊಡ್ಡ ನದಿಯೊಂದರ ಕೆಳಗೆ ಮೊತ್ತಮೊದಲು ಸುರಂಗವನ್ನು ಪೂರೈಸಿದ ಕೀರ್ತಿಯು ಲಂಡನ್ ನಗರಕ್ಕೆ ಸಲ್ಲುತ್ತದೆ.

ಆ ಕೆಲಸವು ಸುಲಭವಾಗಿ ಆದುದಲ್ಲ. ೧೮೦೭ರಲ್ಲಿ ರಿಚರ್ಡ್ ಟ್ರೆವಿಥಿಕ್ ಎಂಬ ಎಂಜಿನಿಯರನು ಥೇಮ್ಸ್ ನದಿಯ ಅಡಿಯಲ್ಲಿ ಕೊರೆಯತೊಡಗಿ ಸಾವಿರ ಅಡಿಗೂ ಮಿಕ್ಕು ಮುಂದುವರಿದನು. ಮರುವರ್ಷ, ಆಚೆಯ ದಡವು ಇನ್ನೇನು ಸಮೀಪಿಸಿತೆನ್ನುವಾಗ, ನದಿಯು ಒಳಕ್ಕೆ ನುಗ್ಗಿತು. ಇಂತಹ ಸುರಂಗವು ಸಾಧ್ಯವೇ ಇಲ್ಲವೆಂದು ತಜ್ಞರು ತೀರ್ಮಾನಿಸಿದರು. ಫ್ರಾನ್ಸಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲಸಿದ್ದ ಮಾರ್ಕ್ ಬ್ರುನೆಲನು ಮಾತ್ರ ಆ ತೀರ್ಮಾನವನ್ನು ಒಪ್ಪಲಿಲ್ಲ. ಹಡಗಿನ ಹಲಗೆಯನ್ನು ತಿನ್ನುವ ಹುಳುವನ್ನು ಆತನು ಗಮನವಿಟ್ಟು ನೋಡಿದ್ದನು. ಅದು ತಲೆಯ ಚಿಪ್ಪಿನಿಂದ ಮುಂದಿನ ಮರವನ್ನು ಅರೆಯುತ್ತದೆ. ಹಿಂದೆ ಬಿಟ್ಟ ದಾರಿಗೆ ಗಟ್ಟಿಯಾದ ಲೇಪವನ್ನು ಹಚ್ಚುತ್ತ ಸಾಗುತ್ತದೆ. ಈ ಹುಳುವಿನ ಮಾದರಿಯಿಂದ ಬ್ರುನೆಲನು ಕಬ್ಬಿಣದ ದೊಡ್ಡದೊಂದು ಗುರಾಣಿಯನ್ನು ಕಲ್ಪಿಸಿ ೧೮೧೮ರಲ್ಲಿ ಅದಕ್ಕೆ ಹಕ್ಕುಪತ್ರವನ್ನು ಪಡೆದನು. ಮೂವತ್ತಾರು ಗೂಡುಗಳಲ್ಲಿ ಮೂವತ್ತಾರು ಮಂದಿ ನಿಂತು ಎದುರಿನ ಮಣ್ಣನ್ನು ಕೆಲವೇ ಅಂಗುಲ ಕೆತ್ತುವರು. ಗುರಾಣಿಯು ಅಷ್ಟೇ ಮುಂದಕ್ಕೆ ಸರಿಯುವುದು. ಹಿಂದುಗಡೆ ಇಟ್ಟಿಗೆಯ ಕಮಾನು ಏಳುವುದು. ೧೮೨೫ರಲ್ಲಿ ಕೆಲಸವು ಮೊದಲಾಯಿತು. ೧೮೨೭ರ ಮೇ ತಿಂಗಳಿನಲ್ಲಿ ನದಿಯು ಒಳಹೊಕ್ಕಿತು. ೧೮೨೮ರ ಜನವರಿಯಲ್ಲಿ ಮತ್ತೆ ಹೊಕ್ಕು ಆರು ಮಂದಿಯ ಪ್ರಾಣವನ್ನು ತೆಗೆದುಕೊಂಡಿತು. ಬ್ರುನೆಲನ ಮಗನೂ ಬಹು ಪ್ರಯಾಸದಿಂದ ಬದುಕಿಕೊಂಡನು. ಹಣವಿಲ್ಲದೆ ಏಳು ವರ್ಷ ಕೆಲಸವು ನಿಂತಿತು. ಕೊನೆಗೆ ೧೮೪೩ರ ಮಾರ್ಚಿ ೨೫ರಂದು, ಆರಂಭವಾಗಿ ಹದಿನೆಂಟು ವರ್ಷಗಳಾದ ಬಳಿಕ, ೧೩೦೦ ಅಡಿ ಉದ್ದದ ಆ ಸುರಂಗವು ಸಾರ್ವಜನಿಕರಿಗೆ ತೆರೆಯಿತು. ಒಂದು ಪೆನ್ನಿ ಕೊಟ್ಟು ನದಿಯ ಕೆಳಗೆ ನಡೆದುಹೋಗಲು ಜನರು ಲಕ್ಷೋಪಲಕ್ಷವಾಗಿ ಬಂದರು. ೧೮೬೯ರಿಂದ ಅದರಲ್ಲಿ ರೈಲುಗಾಡಿಗಳು ಓಡತೊಡಗಿದವು, ಇಂದಿಗೂ ಓಡುತ್ತಿವೆ.

ಈ ವೃತ್ತಾಂತವು ಜಗತ್ತಿಗೆಲ್ಲ ತಿಳಿದಿದೆ. ಇಂದು ನಾನು ತಮ್ಮ ಮುಂದೆ ಇಡಬೇಕೆಂದಿರುವುದು ಇದಕ್ಕಿಂತ ಸುಮಾರು ನಾಲ್ಕು ಶತಮಾನ ಹಿಂದೆ ನಮ್ಮ ಕನ್ನಡ ನಾಡಿನಲ್ಲಿಯೇ ಆದ ಇನ್ನೊಂದು ಬಗೆಯ ಸುರಂಗದ ವೃತ್ತಾಂತವನ್ನು. ಥೇಮ್ಸ್ ಸುರಂಗದಲ್ಲಿ ನದಿಯು ಮೇಲೆ ಹರಿಯುತ್ತದೆ, ಮನುಷ್ಯನು ಕೆಳಗೆ ನಡೆಯುತ್ತಾನೆ. ನಾನು ಹೇಳುವ ಸುರಂಗದಲ್ಲಿ ಮನುಷ್ಯನು ಮೇಲೆ ನಡೆಯುತ್ತಾನೆ, ಹೊಳೆಯು ಕೆಳಗೆ ಹರಿಯುತ್ತದೆ. ಬೀದರಿನ ಜನರು ಅದನ್ನು ಸುರಂಗ ಬಾವಿಯೆಂದು ಕರೆಯುತ್ತಾರೆ. ಪಾರಸೀಕದಲ್ಲಿ ಅದರ ಹೆಸರು ಕಾರೇಜ್.

ಇದನ್ನು ತಿಳಿಯಬೇಕಾದರೆ ಮೊದಲು ಆ ಸೀಮೆಯ ನೆಲವನ್ನು ತಿಳಿಯಬೇಕು. ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ, ಬಸವಕಲ್ಯಾಣಕ್ಕೂ ಹುಮನಾಬಾದಿಗೂ ನಡುವೆ, ರಾಜೇಶ್ವರವೆಂಬ ಊರಿದೆ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರ ರಾಜಧಾನಿಯಾಗಿ, ಹನ್ನೆರಡನೆಯದರಲ್ಲಿ ಶರಣರ ನೆಲೆಯಾಗಿ ಮೆರೆದ ಕಲ್ಯಾಣವು ಅಲ್ಲಿಗೆ ದೂರವಲ್ಲ. ಬಹುಕಾಲ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಈ ಸೀಮೆಯು ೧೯೫೬ರಲ್ಲಿ ಕನ್ನಡ ನಾಡಿನ ಉಳಿದ ಭಾಗಗಳೊಡನೆ ಕೂಡಿತು. ರಾಜೇಶ್ವರದಿಂದ ಮೂಡಲಿಗೆ ಹುಮನಾಬಾದಿಗೆ ಹೋಗಿ, ಅಲ್ಲಿಂದ ಈಶಾನ್ಯ ದಿಕ್ಕಿಗೆ ತಿರುಗಿ ಬೀದರಿನ ಕಡೆಗೆ ಪ್ರಯಾಣ ಮಾಡುವವನು ದಾರಿಯಲ್ಲಿ ನೆಲದ ಬಣ್ಣವು ಬದಲಾಗುವುದನ್ನು ಕಾಣುತ್ತಾನೆ. ತಗ್ಗಿನಲ್ಲಿ ಜೋಳ ಕಡಲೆಗಳು ಬೆಳೆಯುವ ಕರಿಯ ಎರೆಮಣ್ಣು. ಎತ್ತರಕ್ಕೆ ಏರಿದೊಡನೆ ಸುಟ್ಟ ಇಟ್ಟಿಗೆಯಂತೆ ಕೆಂಪಗಿರುವ ನೆಲ. ಈ ಕೆಂಪು ನೆಲವೇ ಜಂಬಿಟ್ಟಿಗೆ ಕಲ್ಲು. ಹುಮನಾಬಾದಿನಿಂದ ಬೀದರಿನ ವರೆಗೆ ಹಬ್ಬಿರುವ ಪ್ರಸ್ಥಭೂಮಿಗೆ ಈ ಕಲ್ಲೇ ಹೊದಿಕೆ. ಬೀದರು ಪಟ್ಟಣವು ಸಮುದ್ರಮಟ್ಟಕ್ಕಿಂತ ಎರಡು ಸಾವಿರ ಅಡಿಗೂ ಮಿಕ್ಕ ಎತ್ತರದಲ್ಲಿ ಈ ಹೊದಿಕೆಯ ಅಂಚಿನ ಮೇಲೆ ಕುಳಿತಿದೆ. ಮಾಂಜ್ರಾ ನದಿಯು ಬಹು ಕೆಳಗೆ ಬಯಲಿನಲ್ಲಿ ಹರಿಯುತ್ತದೆ. ಕೋಟೆಯ ಗೋಡೆಯಿಂದ ನೋಡುವವನಿಗೆ ಆ ಬಯಲು ಕಾಣುವುದೇ ಹೊರತು ನೀರು ಕೈಗೆ ಎಟುಕುವುದಿಲ್ಲ.

ಜಂಬಿಟ್ಟಿಗೆ ಕಲ್ಲಿನ ಗುಣವು ವಿಚಿತ್ರವಾದುದು. ನೆಲದೊಳಗಿರುವಾಗ ಅದು ಮೆದು. ಗುದ್ದಲಿ ಹಾರೆಗಳಿಗೆ ಬಗ್ಗುತ್ತದೆ. ಗಾಳಿಗೆ ತೆರೆದಿಟ್ಟರೆ ದಿನೇ ದಿನೇ ಗಟ್ಟಿಯಾಗುತ್ತದೆ. ಮೈಯೆಲ್ಲ ರಂಧ್ರಗಳಿರುವುದರಿಂದ ಮಳೆಯ ನೀರನ್ನು ಹೀರಿ ಕೆಳಕ್ಕೆ ಇಳಿಸುತ್ತದೆ. ಅದರ ಅಡಿಯಲ್ಲಿ ಮೊದಲು ಜೇಡಿಯಂತಹ ಒಂದು ಪದರ, ಬಳಿಕ ದಖನ್ನಿನ ಕರಿಯ ಕಪ್ಪುಗಲ್ಲಿನ ಹಾಸು. ಇಳಿದ ನೀರು ಅಲ್ಲಿಗೆ ಬಂದು ಮುಂದೆ ಇಳಿಯಲಾರದೆ ನಿಲ್ಲುತ್ತದೆ. ನಿಂತದ್ದು ಇಳಿಜಾರನ್ನು ಹುಡುಕಿ ಪಕ್ಕಕ್ಕೆ ಸರಿಯುತ್ತದೆ. ಪ್ರಸ್ಥಭೂಮಿಯ ಅಂಚಿನಲ್ಲಿ ಒರತೆಯಾಗಿ ಹೊರಬೀಳುತ್ತದೆ. ಬೀದರಿನ ಸುತ್ತ ಪುಣ್ಯಕ್ಷೇತ್ರಗಳೆನಿಸಿದ ಸ್ಥಳಗಳಲ್ಲಿ ಹಲವು ಇಂತಹ ಒರತೆಗಳೇ. ಪಾಪನಾಶದಲ್ಲಿ ಒರತೆಯುಂಟು. ಗುರು ನಾನಕರ ಹೆಸರಿನ ಝೀರಾ ಒರತೆಯೇ. ಝರಣಿ ನರಸಿಂಹನ ಗುಡಿಯಂತೂ ಕಲ್ಲಿನೊಳಗೆ ಸುಮಾರು ಸಾವಿರ ಅಡಿ ಸಾಗುವ ಗವಿ. ಭಕ್ತರು ಎದೆಯ ಮಟ್ಟದ ನೀರಿನಲ್ಲಿ ಹಾಯುತ್ತ ಹೋಗಿ ದೇವರನ್ನು ಕಾಣಬೇಕು. ಆ ಗವಿಯನ್ನು ಹೊಕ್ಕವನಿಗೆ ಬೀದರಿನ ನೀರು ಎಲ್ಲಿದೆಯೆಂದು ಬೇರೆ ಹೇಳಬೇಕಾದುದಿಲ್ಲ. ಅದು ಮೇಲೂ ಇಲ್ಲ, ಬಹು ಆಳದಲ್ಲಿಯೂ ಇಲ್ಲ. ಕೆಂಪು ಕಲ್ಲಿಗೂ ಕರಿಯ ಕಲ್ಲಿಗೂ ನಡುವೆ ಮೆಲ್ಲಗೆ ನಡೆಯುತ್ತಿದೆ.

ಇಂತಹ ನೆಲದ ಮೇಲೆ ರಾಜಧಾನಿಯೊಂದು ಬಂದು ಕುಳಿತದ್ದು ಹದಿನೈದನೆಯ ಶತಮಾನದಲ್ಲಿ. ಬಹಮನಿ ಸುಲ್ತಾನ ಅಹಮದ್ ಷಾ ೧೪೨೨ರಲ್ಲಿ ಪಟ್ಟಕ್ಕೆ ಬಂದು, ಕೆಲವು ವರ್ಷಗಳಲ್ಲಿಯೇ ರಾಜ್ಯದ ಪೀಠವನ್ನು ಕಲಬುರ್ಗಿಯಿಂದ ಬೀದರಿಗೆ ಸಾಗಿಸಿದನು. ಎತ್ತರವಾದ ಸ್ಥಳ, ತಂಪಾದ ಗಾಳಿ, ಶತ್ರುವಿಗೆ ದುರ್ಗಮವಾದ ಅಂಚು, ಇವೆಲ್ಲವೂ ಅಲ್ಲಿದ್ದವು. ಆದರೆ ರಾಜಧಾನಿಯೆಂದರೆ ಸೈನ್ಯ, ಆನೆ ಕುದುರೆಗಳು, ಕುಶಲಕರ್ಮಿಗಳು, ಮಾರುಕಟ್ಟೆ, ಸ್ನಾನಗೃಹ, ತೋಟ. ಗುಡ್ಡದ ನೆತ್ತಿಯ ಮೇಲೆ ಇಷ್ಟಕ್ಕೆಲ್ಲ ನೀರನ್ನು ಒದಗಿಸುವುದು ಹೇಗೆ? ಕೋಟೆಯ ಕಂದಕವನ್ನು ನೋಡಿದವರು ಆಗಿನವರಿಗೆ ಈ ಕಲ್ಲನ್ನು ಕಡಿಯುವ ವಿದ್ಯೆಯು ಎಷ್ಟು ಕೈವಶವಾಗಿತ್ತೆಂಬುದನ್ನು ಬಲ್ಲರು. ಕೆಲವೆಡೆ ಆ ಕಂದಕವು ಮೂರು ಸಾಲಾಗಿದೆ. ನಡುವೆ ಎರಡು ದಿಣ್ಣೆಗಳನ್ನು ಉಳಿಸಿ ಉಳಿದುದನ್ನೆಲ್ಲ ಹಾಸುಬಂಡೆಯಲ್ಲಿಯೇ ಕಡಿದು ತೆಗೆದಿದ್ದಾರೆ. ಕೈಯ ಕೌಶಲವು ಇಲ್ಲಿಯೇ ಇದ್ದಿತು. ಬೇಕಾದುದು ಆ ಕೌಶಲವನ್ನು ನೀರಿನ ಕಡೆಗೆ ತಿರುಗಿಸುವ ಒಂದು ಶಾಸ್ತ್ರ.

ಆ ಶಾಸ್ತ್ರವು ಪಾರಸೀಕ ದೇಶದ್ದು. ಅಹಮದ್ ಷಾ ಕಿರ್ಮಾನ್ ಪ್ರಾಂತದ ಸಂತನಾದ ಷಾ ನಿಅಮತುಲ್ಲನ ಭಕ್ತನಾಗಿದ್ದನು. ಸುಲ್ತಾನನು ಕರೆಸಿಕೊಂಡಾಗ ಸಂತನು ತಾನು ಬರದೆ ಮೊಮ್ಮಗನನ್ನು ಕಳುಹಿಸಿದನು. ಸಂತನು ೧೪೩೧ರಲ್ಲಿ ತೀರಿಕೊಂಡ ಬಳಿಕ ಮಗನಾದ ಖಲೀಲುಲ್ಲನೂ ಬೀದರಿಗೆ ಬಂದು ನೆಲಸಿದನು. ಅಷ್ಟೂರಿನ ದಾರಿಯಲ್ಲಿ ಇಂದಿಗೂ ನಿಂತಿರುವ ಚೌಖಂಡಿಯು ಆತನ ಸಮಾಧಿ. ಇವರ ಹಿಂದೆಯೇ ಪಂಡಿತರು, ಲಿಪಿಕಾರರು, ಬಣ್ಣದ ಹೆಂಚಿನ ಕೆಲಸದವರು, ಸೈನಿಕರು, ವರ್ತಕರು ಬಂದರು. ೧೪೫೩ರಲ್ಲಿ ಬಂದ ಮಹಮೂದ್ ಗವಾನನು ಮುಂದೆ ಮಂತ್ರಿಯಾಗಿ ೧೪೭೨ರಲ್ಲಿ ಕಟ್ಟಿಸಿದ ಮದರಸೆಯು ಪಾರಸೀಕದ ಕಟ್ಟಡವೊಂದನ್ನು ಎತ್ತಿ ತಂದು ಇಲ್ಲಿಟ್ಟಂತೆ ತೋರುತ್ತದೆ. ಆ ಜನರು ಬಂದ ಕಿರ್ಮಾನ್ ಮುಂತಾದ ಪ್ರಾಂತಗಳಾದರೋ ಮಳೆಯನ್ನು ನಂಬದೆ ನೆಲದಡಿಯ ಕಾಲುವೆಯನ್ನೇ ನಂಬಿ ಬದುಕಿದ ನಾಡುಗಳು. ಗೋನಾಬಾದಿನ ಹಳೆಯ ಕಾಲುವೆಯು ೩೩ ಕಿಲೋಮೀಟರು ಉದ್ದ. ಅದರ ತಾಯಿಬಾವಿಯು ಸಾವಿರ ಅಡಿಯ ಸಮೀಪ ಆಳ. ೨೦೧೬ರಲ್ಲಿ ಯುನೆಸ್ಕೋ ಸಂಸ್ಥೆಯು ಇಂತಹ ಹನ್ನೊಂದು ಕಾಲುವೆಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಈ ವಿದ್ಯೆಗೆ ಗ್ರಂಥವೂ ಇದ್ದಿತು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಅಲ್ ಕರಜಿ ಎಂಬ ಗಣಿತಜ್ಞನು ಗುಪ್ತಜಲವನ್ನು ಹೊರತೆಗೆಯುವುದರ ವಿಷಯದಲ್ಲಿಯೇ ಪುಸ್ತಕವೊಂದನ್ನು ಬರೆದು, ಮಟ್ಟವನ್ನು ಅಳೆಯುವ ಉಪಕರಣಗಳನ್ನೂ ನೀರಿನ ಕುರುಹುಗಳನ್ನೂ ವಿವರಿಸಿದನು.

ಇನ್ನು ಕೆಲಸದ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಏಕೆಂದರೆ ಇದರ ಸೊಗಸೆಲ್ಲ ಕ್ರಮದಲ್ಲಿಯೇ ಇದೆ. ಎತ್ತರದ ಸ್ಥಳದಲ್ಲಿ, ನೀರಿನ ಕುರುಹಿರುವೆಡೆ, ಮೊದಲು ಒಂದು ಬಾವಿಯನ್ನು ತೋಡುವರು. ನೀರು ಸಿಕ್ಕಿ, ಅದು ಬತ್ತದೆ ನಿಲ್ಲುವುದೆಂದು ಖಚಿತವಾದರೆ ಅದೇ ತಾಯಿಬಾವಿ. ಅಲ್ಲಿನ ನೀರಿನ ಮಟ್ಟವನ್ನು ಅಳೆದು, ತಗ್ಗಿನ ದಿಕ್ಕಿನಲ್ಲಿ ಯಾವ ಸ್ಥಳದ ನೆಲವು ಆ ಮಟ್ಟಕ್ಕಿಂತ ಸ್ವಲ್ಪ ಕೆಳಗಿದೆಯೆಂಬುದನ್ನು ಹುಡುಕುವರು. ಅದೇ ಕಾಲುವೆಯ ಬಾಯಿ. ಈ ಎರಡರ ನಡುವೆ ನೇರವಾದ ಸಾಲಿನಲ್ಲಿ ಅಲ್ಲಲ್ಲಿ ಬಾವಿಗಳನ್ನು ಇಳಿಸುವರು. ಅಗೆತವನ್ನು ಮೊದಲುಮಾಡುವುದು ತಾಯಿಬಾವಿಯಿಂದಲ್ಲ, ಬಾಯಿಯಿಂದ. ಕೆಳಗಿನಿಂದ ಮೇಲಕ್ಕೆ ಕೊರೆಯುತ್ತ ಹೋದರೆ ಎದುರಾದ ನೀರೆಲ್ಲ ಕೊರೆಯುವವನ ಬೆನ್ನ ಹಿಂದೆ ತಾನಾಗಿ ಹರಿದುಹೋಗುತ್ತದೆ, ಅವನನ್ನು ಮುಳುಗಿಸುವುದಿಲ್ಲ. ಅಗೆದ ಮಣ್ಣನ್ನು ನಡುವಣ ಬಾವಿಗಳ ಮೂಲಕ ಚರ್ಮದ ಚೀಲಗಳಲ್ಲಿ ರಾಟೆಯಿಂದ ಮೇಲೆತ್ತುವರು. ಗಾಳಿಯೂ ಬೆಳಕೂ ಆ ಬಾವಿಗಳಿಂದಲೇ. ದಾರಿಯು ಡೊಂಕಾಗದಂತೆ ಹಿಂದೆ ಎರಡು ದೀಪಗಳನ್ನು ಇರಿಸಿ, ಎರಡೂ ಒಂದೇ ರೇಖೆಯಲ್ಲಿ ಕಾಣುವಂತೆ ನೋಡಿಕೊಂಡು ಮುಂದುವರಿಯುವರು. ದೀಪವು ಮಂಕಾದರೆ ಗಾಳಿಯು ಕೆಟ್ಟಿತೆಂದು ಅರಿತು ಹೊರಕ್ಕೆ ಬರುವರು.

ಎಲ್ಲಕ್ಕಿಂತಲೂ ಸೂಕ್ಷ್ಮವಾದುದು ಇಳಿಜಾರಿನ ಲೆಕ್ಕ. ಇಳಿಜಾರು ಹೆಚ್ಚಾದರೆ ನೀರು ರಭಸದಿಂದ ಹರಿದು ತಳವನ್ನೂ ಗೋಡೆಯನ್ನೂ ಕೊರೆದು ಸುರಂಗವನ್ನು ಕೆಡವುತ್ತದೆ. ಕಡಿಮೆಯಾದರೆ ನಿಂತು ಹೂಳು ಕಟ್ಟುತ್ತದೆ. ದೂರದ ಕಾಲುವೆಗಳಲ್ಲಿ ಸಾವಿರ ಅಡಿಗೆ ಒಂದೆರಡು ಅಡಿ ಇಳಿದರೆ ಸಾಕು. ಕತ್ತಲೆಯಲ್ಲಿ, ಮಂಡಿಯೂರಿ, ಎಣ್ಣೆಯ ದೀಪದ ಮುಂದೆ ಕುಳಿತವನು ಸಾವಿರಕ್ಕೆ ಒಂದೆರಡರಂತೆ ಲೆಕ್ಕವನ್ನು ತಪ್ಪದೆ ಹಿಡಿದುಕೊಂಡು ಮೈಲಿಗಟ್ಟಲೆ ಸಾಗಬೇಕೆಂದರೆ ಆ ಕಸುಬಿನವರ ಶ್ರದ್ಧೆಯನ್ನು ಊಹಿಸಿಕೊಳ್ಳಬಹುದು. ಪಾರಸೀಕದ ಸಡಿಲ ಮಣ್ಣಿನಲ್ಲಿ ಸುರಂಗವು ಕುಸಿಯದಂತೆ ಸುಟ್ಟ ಮಣ್ಣಿನ ಬಳೆಗಳನ್ನು ಒಳಗೆ ಕೂರಿಸಬೇಕಾಗುತ್ತಿತ್ತು. ಬೀದರಿನ ಜಂಬಿಟ್ಟಿಗೆ ಕಲ್ಲಿಗೆ ಆ ಆಸರೆಯೂ ಬೇಡವಾಯಿತು. ಕಡಿದಂತೆ ಕಡಿಸಿಕೊಂಡು, ಕಡಿದ ಮೇಲೆ ತಾನೇ ಗಟ್ಟಿಯಾಗಿ ನಿಂತಿತು. ಹೊರಗಿನಿಂದ ಬಂದ ಶಾಸ್ತ್ರಕ್ಕೆ ಇಲ್ಲಿಯ ನೆಲವೂ ಇಲ್ಲಿಯ ಕಲ್ಲುಕುಟಿಗರ ಕೈಯೂ ಹೀಗೆ ಹೊಂದಿಕೊಂಡವು.

ಬೀದರಿನಲ್ಲಿ ಇಂತಹ ವ್ಯವಸ್ಥೆಗಳು ಮೂರೆಂದು ವಿದ್ವಾಂಸರು ಗುರುತಿಸಿದ್ದಾರೆ: ನೌಬಾದಿನದು, ಶುಕ್ಲತೀರ್ಥದ್ದು, ಹಳೆಯ ಪಟ್ಟಣದೊಳಗಿನ ಜಮ್ನಾ ಮೋರಿ. ಇವುಗಳಲ್ಲಿ ನೌಬಾದಿನದು ಚೆನ್ನಾಗಿ ಪರಿಶೋಧಿತವಾದುದು. ಎರಡು ಕಿಲೋಮೀಟರಿಗೂ ಮಿಕ್ಕು ನೆಲದಡಿಯಲ್ಲಿ ಹೋಗುವ ಆ ಸುರಂಗದ ಮೇಲೆ ಇಪ್ಪತ್ತಕ್ಕೂ ಹೆಚ್ಚು ಬಾವಿಗಳ ಸಾಲಿದೆ. ಒಂದೊಂದು ಬಾವಿಯೂ ಊರಿನವರಿಗೆ ಸೇದುವ ಬಾವಿಯೂ ಹೌದು, ಸುರಂಗಕ್ಕೆ ಗಾಳಿಯ ಕಂಡಿಯೂ ಹೌದು, ಹೂಳೆತ್ತುವವನಿಗೆ ಇಳಿಯುವ ದಾರಿಯೂ ಹೌದು. ನೀರು ಬಿಸಿಲಿಗೆ ಬೀಳದುದರಿಂದ ಆವಿಯಾಗಿ ಹೋಗುವುದಿಲ್ಲ. ಎತ್ತಿನ ಕಪಿಲೆಯೂ ಬೇಡ, ಯಂತ್ರವೂ ಬೇಡ. ನೀರಿನ ಭಾರವೇ ನೀರನ್ನು ಸಾಗಿಸುತ್ತದೆ. ಮುತ್ತಿಗೆಯ ಕಾಲದಲ್ಲಿ ಹೊರಗಿನ ಶತ್ರುವಿನ ಕಣ್ಣಿಗೂ ಇದು ಬೀಳದು. ೧೪೭೦ರ ಸುಮಾರಿಗೆ ಬೀದರಿಗೆ ಬಂದ ರಷ್ಯದ ವರ್ತಕ ಅಫನಾಸಿ ನಿಕಿತಿನನು ಸುಲ್ತಾನನ ಅರಮನೆಯನ್ನೂ ಅಮೀರರ ವೈಭವವನ್ನೂ ಹಳ್ಳಿಗರ ಬಡತನವನ್ನೂ ಬರೆದಿಟ್ಟನು. ಮೇಲಿನ ವೈಭವಕ್ಕೆ ಕೆಳಗಿನ ಈ ಕತ್ತಲೆಯ ದುಡಿಮೆಯು ಆಧಾರವಾಗಿತ್ತೆಂಬುದನ್ನು ನಾವು ಆತನ ಬರಹದೊಡನೆ ಸೇರಿಸಿ ಓದಿಕೊಳ್ಳಬೇಕು.

ಈಗ ಲಂಡನ್ನಿನ ಸುರಂಗದೊಡನೆ ಇದನ್ನು ಹೋಲಿಸಿ ನೋಡೋಣ. ಬ್ರುನೆಲನಿಗೆ ನೀರು ಶತ್ರು. ಅದು ಮೇಲಿನಿಂದ ಎಂದು ಬಿದ್ದೀತೋ ಎಂಬ ಭಯದಲ್ಲಿ ಒಂದೊಂದು ಅಂಗುಲವನ್ನೂ ಗೆಲ್ಲಬೇಕಾಯಿತು. ಅದನ್ನು ತಡೆಯಲು ಕಬ್ಬಿಣದ ಗುರಾಣಿಯು ಬೇಕಾಯಿತು. ಬೀದರಿನ ಕೆಲಸಗಾರನಿಗೆ ನೀರು ಅರಸಿ ಹೋಗುತ್ತಿದ್ದ ಗುರಿ. ಅವನ ಗೋಡೆಯು ತೊಟ್ಟಿಕ್ಕಿದರೆ ಅದು ಅಪಾಯದ ಸೂಚನೆಯಲ್ಲ, ಶುಭಸೂಚನೆ. ಎರಡೂ ಸಾಹಸಗಳೇ, ಒಂದನ್ನು ಹೊಗಳಲು ಇನ್ನೊಂದನ್ನು ತೆಗಳಬೇಕಾದುದಿಲ್ಲ. ಆದರೆ ವ್ಯತ್ಯಾಸವೊಂದನ್ನು ಮರೆಯಬಾರದು. ಇಟ್ಟಿಗೆಯ ಸುರಂಗವು ಒಮ್ಮೆ ಪೂರೈಸಿದರೆ ಬಹುಕಾಲ ಇದ್ದಂತೆ ಇರುತ್ತದೆ. ನೀರಿನ ಸುರಂಗವು ಎಂದೂ ಪೂರೈಸುವುದಿಲ್ಲ. ವರ್ಷವರ್ಷವೂ ಹೂಳು ತೆಗೆಯಬೇಕು, ಬಾವಿಗಳ ಬಾಯಿಯನ್ನು ಕಾಯಬೇಕು, ತಾಯಿಬಾವಿಯ ಸುತ್ತಿನ ನೆಲವನ್ನು ಬಿಡುವಾಗಿ ಇಡಬೇಕು. ಕಟ್ಟಿಸಿದವನೊಬ್ಬ ದೊರೆಯಾಗಿದ್ದರೆ, ಉಳಿಸಬೇಕಾದವರು ಊರಿನ ಜನರೆಲ್ಲ.

ಪಾರಸೀಕ ದೇಶಗಳಲ್ಲಿ ಇದಕ್ಕೆ ಕಟ್ಟಳೆಯೇ ಇದ್ದಿತು. ಕಾಲುವೆಯ ಎರಡು ಕಡೆಯೂ ಇಂತಿಷ್ಟು ದೂರದೊಳಗೆ ಬೇರೆ ಯಾರೂ ಹೊಸ ಬಾವಿಯನ್ನು ತೋಡಕೂಡದು. ಆ ಮೀಸಲು ನೆಲಕ್ಕೆ ಹರೀಮ್ ಎಂದು ಹೆಸರು; ಮಣ್ಣು ಸಡಿಲವಾದರೆ ಅದರ ಅಗಲವು ಹೆಚ್ಚು, ಗಟ್ಟಿಯಾದರೆ ಕಡಿಮೆ. ಒಬ್ಬನು ತನ್ನ ಹೊಲದಲ್ಲಿ ತೋಡಿದ ಬಾವಿಯು ಊರಿನವರೆಲ್ಲರ ನೀರನ್ನು ಎಳೆದುಕೊಂಡೀತೆಂಬ ಅರಿವು ಆ ಕಟ್ಟಳೆಯ ಹಿಂದೆ ಇದ್ದಿತು. ಕ್ರಿಸ್ತನಿಗಿಂತ ಇನ್ನೂರು ವರ್ಷ ಹಿಂದಿನ ಕಾಲವನ್ನು ಕುರಿತು ಬರೆದ ಗ್ರೀಕ್ ಚರಿತ್ರಕಾರ ಪೊಲಿಬಿಯಸನು ಎರಡು ಸಂಗತಿಗಳನ್ನು ಹೇಳುತ್ತಾನೆ. ಬರಡು ನೆಲಕ್ಕೆ ಹೀಗೆ ನೀರನ್ನು ತಂದವರಿಗೆ ಐದು ತಲೆಮಾರಿನ ವರೆಗೆ ಆ ನೆಲವನ್ನು ಅನುಭವಿಸುವ ಹಕ್ಕನ್ನು ಪಾರಸೀಕದ ಅರಸರು ಕೊಟ್ಟಿದ್ದರೆಂಬುದೊಂದು. ತನ್ನ ಕಾಲದ ಜನರು ಆ ನೀರನ್ನು ಬಳಸುತ್ತಿದ್ದರೂ ಅದು ಎಲ್ಲಿಂದ ಬರುತ್ತದೆಂದು ಅರಿಯರೆಂಬುದು ಇನ್ನೊಂದು. ಅದೇ ಸಂದರ್ಭದಲ್ಲಿ ಆತನು ಒಂದು ಯುದ್ಧವನ್ನು ವರ್ಣಿಸುತ್ತಾನೆ. ದೊರೆ ಆಂಟಿಯೋಕಸನು ಮರುಭೂಮಿಯ ದಾರಿಯಲ್ಲಿ ದಂಡೆತ್ತಿ ಬರುತ್ತಿರಲು, ಎದುರಾಳಿಯಾದ ಅರ್ಸಾಕಿಸನು ಶತ್ರುವಿಗೆ ನೀರು ದೊರೆಯದಂತೆ ಆ ಸಾಲುಬಾವಿಗಳನ್ನು ತುಂಬಿ ಹಾಳುಮಾಡಿಸತೊಡಗಿದನು. ಅದನ್ನು ತಡೆಯಲು ಆಂಟಿಯೋಕಸನು ಕುದುರೆಯ ಸವಾರರನ್ನು ಅಟ್ಟಬೇಕಾಯಿತು.

ಈ ಕೊನೆಯ ಸಂಗತಿಯನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಬಾವಿಯ ಬಾಯಿಯನ್ನು ತುಂಬುವುದು ಅಂದು ಯುದ್ಧದಲ್ಲಿ ಶತ್ರುವು ಶತ್ರುವಿಗೆ ಮಾಡುವ ಕೃತ್ಯವಾಗಿತ್ತು. ಬೀದರಿನಲ್ಲಿ ಅದು ಶಾಂತಿಯ ಕಾಲದಲ್ಲಿ, ಯಾರ ದ್ವೇಷವೂ ಇಲ್ಲದೆ, ಮರೆವೊಂದರಿಂದಲೇ ಆಯಿತು. ರಾಜ್ಯಗಳು ಬದಲಾದವು, ಬಹಮನಿಗಳ ಬಳಿಕ ಬರೀದಶಾಹಿಗಳು, ಅನಂತರ ಬಿಜಾಪುರದವರು, ೧೬೫೭ರಲ್ಲಿ ಮೊಗಲರು, ಕೊನೆಗೆ ನಿಜಾಮರು. ಹೂಳೆತ್ತಿಸುವವರು ಇಲ್ಲವಾದರು. ಮುಂದೆ ನಲ್ಲಿಗಳು ಬಂದು ಬಾವಿಗಳು ಬೇಡವಾದವು; ಕೊಳವೆಬಾವಿಗಳು ಬಂದು ನೆಲದ ನೀರು ಕೆಳಕ್ಕೆ ಇಳಿಯಿತು. ಊರು ಬೆಳೆದಂತೆ ಬಾವಿಗಳಲ್ಲಿ ಕೆಲವು ಕಸದ ಗುಂಡಿಗಳಾದವು, ಕೆಲವು ಮುಚ್ಚಿಹೋದವು, ಕೆಲವರ ಮೇಲೆ ಕಟ್ಟಡಗಳು ಎದ್ದವು. ಒಂದು ಬಾವಿಯನ್ನು ಮುಚ್ಚಿದವನು ತಾನು ಒಂದು ಹಾಳು ಬಾವಿಯನ್ನು ಮುಚ್ಚಿದೆನೆಂದೇ ತಿಳಿದನು. ಅದು ಬಾವಿಯಲ್ಲ, ಹೊಳೆಯೊಂದರ ಉಸಿರಿನ ದಾರಿಯೆಂಬುದು ಅವನಿಗೆ ಕಾಣುವಂತಿರಲಿಲ್ಲ.

ಇಂತಹ ಕೆಲಸವು ಬೀದರಿಗೆ ಮಾತ್ರ ಸೇರಿದುದೆಂದು ಭಾವಿಸಬಾರದು. ಬಿಜಾಪುರದ ಆದಿಲಶಾಹಿಗಳು ತೊರವಿಯ ಕಡೆಯಿಂದ ನೆಲದಡಿಯ ದಾರಿಯಲ್ಲಿ ಪಟ್ಟಣಕ್ಕೆ ನೀರನ್ನು ತಂದರು. ೧೬೫೧ರಲ್ಲಿ ಬೇಗಮ್ ತಾಲಾಬನ್ನು ಕಟ್ಟಿಸಿ ಮಣ್ಣಿನ ಕೊಳವೆಗಳಿಂದ ನೀರನ್ನು ಹಂಚಿದರು. ಮಲಿಕ್ ಅಂಬರನು ಹದಿನೇಳನೆಯ ಶತಮಾನದ ಆರಂಭದಲ್ಲಿ ಮುಂದೆ ಔರಂಗಾಬಾದೆನಿಸಿದ ಊರಿಗೆ ಇಂತಹ ಕಾಲುವೆಯನ್ನು ಮಾಡಿಸಿದನು. ಅದೇ ಕಾಲದಲ್ಲಿ ಬುರಹಾನಪುರದಲ್ಲಿಯೂ ಒಂದು ವ್ಯವಸ್ಥೆಯು ಆಯಿತು. ಇವೆಲ್ಲ ದೊರೆಗಳ ಕೆಲಸಗಳು. ದೊರೆಯ ಹೆಸರಿಲ್ಲದ ಇನ್ನೊಂದು ಪರಂಪರೆಯು ಕನ್ನಡಿಗರದೇ ಆಗಿ ಕಾಸರಗೋಡಿನಲ್ಲಿಯೂ ದಕ್ಷಿಣ ಕನ್ನಡದಲ್ಲಿಯೂ ಉಳಿದಿದೆ. ಅಲ್ಲಿಯೂ ನೆಲವು ಇದೇ ಕೆಂಪು ಕಲ್ಲು. ಅಲ್ಲಿಯ ರೈತನು ಗುಡ್ಡದ ಮಗ್ಗುಲಲ್ಲಿ, ಒಬ್ಬನು ನಿಂತು ಹೋಗುವಷ್ಟೇ ಅಗಲವಾಗಿ, ಅಡ್ಡಲಾಗಿ ಕೊರೆದು ನೀರನ್ನು ಅಂಗಳಕ್ಕೆ ತರುತ್ತಾನೆ. ಅದನ್ನು ಸುರಂಗವೆಂದೇ ಕರೆಯುತ್ತಾರೆ. ಬಂಟವಾಳ ತಾಲ್ಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಹಗಲೆಲ್ಲ ಕೂಲಿ ಮಾಡಿ, ಬಳಿಕ ದೀಪ ಹಚ್ಚಿಕೊಂಡು ತಮ್ಮ ಬರಡು ಗುಡ್ಡವನ್ನು ಕೊರೆದರು. ಒಂದರ ಮೇಲೊಂದು ಸುರಂಗವು ಬರಿದಾದರೂ ಬಿಡದೆ ಕೊನೆಗೆ ನೀರನ್ನು ಕಂಡು ತೋಟವನ್ನೆಬ್ಬಿಸಿದರು. ೨೦೨೨ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ಕೊಟ್ಟಿತು. ಬೀದರಿನ ಸುರಂಗವನ್ನು ಕೊರೆದವರ ಮುಖವು ಹೇಗಿದ್ದೀತೆಂದು ಕೇಳುವವರಿಗೆ ನಾನು ಈ ಒಬ್ಬರನ್ನು ತೋರಿಸುತ್ತೇನೆ.

ಬೀದರಿನ ವೃತ್ತಾಂತವೂ ಮರೆವಿನಲ್ಲಿಯೇ ಮುಗಿಯಲಿಲ್ಲ. ಇಪ್ಪತ್ತೊಂದನೆಯ ಶತಮಾನದ ಎರಡನೆಯ ದಶಕದಲ್ಲಿ ಕೇರಳದ ಭೂಗೋಳ ಪ್ರಾಧ್ಯಾಪಕರಾದ ವಿ. ಗೋವಿಂದನ್‌ಕುಟ್ಟಿಯವರು ನೌಬಾದಿನ ಬಾವಿಗಳನ್ನು 'ಹಾಳು ಬಾವಿ'ಗಳೆಂದು ನೋಡದೆ ಒಂದು ಸಾಲೆಂದು ನೋಡಿದರು. ಬೀದರಿನ ತರುಣರು ಅವರಿಗೆ ಜೊತೆಯಾದರು. ಬಾವಿಗಳನ್ನು ಒಂದೊಂದಾಗಿ ಗುರುತಿಸಿ, ಒಳಕ್ಕೆ ಇಳಿದು, ಸುರಂಗವು ಹೋಗುವ ದಾರಿಯನ್ನು ನಕ್ಷೆಯ ಮೇಲೆ ಎಳೆದರು. ಅನಂತರ ಹೂಳು ತೆಗೆಯುವ ಕೆಲಸವು ನಡೆಯಿತು. ೨೦೧೬ರಲ್ಲಿ ಬೀದರು ಸೀಮೆಯನ್ನು ಘೋರವಾದ ಬರವು ಕಾಡಿತು. ಜಿಲ್ಲೆಯ ಹಳೆಯ ಬಾವಿ ಕೆರೆಗಳನ್ನು ಶುದ್ಧಿ ಮಾಡಿಸುವ ಕಾರ್ಯವು ಆ ವರ್ಷ ವಿಶೇಷವಾಗಿ ನಡೆಯಿತು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯು ದಖನ್ ಪ್ರಸ್ಥಭೂಮಿಯ ಹಳೆಯ ಜಲವ್ಯವಸ್ಥೆಗಳನ್ನು ರಕ್ಷಣೆಗೆ ಅರ್ಹವಾದವುಗಳ ತನ್ನ ೨೦೨೦ರ ಪಟ್ಟಿಯಲ್ಲಿ ಸೇರಿಸಿತು.

ಇದರಿಂದ ಕಾಲುವೆಯು ಸುರಕ್ಷಿತವಾಯಿತೆಂದು ಹೇಳುವಂತಿಲ್ಲ. ಪಟ್ಟಿಗೆ ಸೇರಿದ ಮಾತ್ರಕ್ಕೆ ನೀರು ಹರಿಯುವುದಿಲ್ಲ. ತಾಯಿಬಾವಿಯ ಮೇಲುಗಡೆಯ ನೆಲದಲ್ಲಿ ಮಳೆಯು ಇಂಗಬೇಕು. ಆ ನೆಲವನ್ನು ಕಲ್ಲು ಗಾರೆಗಳಿಂದ ಮುಚ್ಚಿದರೆ ಇಂಗುವುದೇನು? ಸುರಂಗದ ಪಕ್ಕದಲ್ಲಿ ನೂರಾರು ಅಡಿ ಆಳಕ್ಕೆ ಕೊಳವೆಯನ್ನು ಇಳಿಸಿ ನೀರನ್ನೆತ್ತಿದರೆ ಮೇಲಿನ ಸುರಂಗಕ್ಕೆ ಉಳಿಯುವುದೇನು? ಹರೀಮ್ ಎಂಬ ಆ ಹಳೆಯ ಕಟ್ಟಳೆಯು ಕೇಳಿದ ಪ್ರಶ್ನೆಯೇ ಇಂದು ಬೀದರಿನ ಮುಂದೆ ಇದೆ. ಹುಮನಾಬಾದಿನ ಮುಂದೆಯೂ ರಾಜೇಶ್ವರದ ಮುಂದೆಯೂ ಇದೆ. ನೆಲದ ಮೇಲೆ ನಾವು ಗಡಿಕಲ್ಲುಗಳನ್ನು ನೆಟ್ಟು ಇದು ನಿನ್ನದು, ಇದು ನನ್ನದು ಎಂದು ಹಂಚಿಕೊಂಡಿದ್ದೇವೆ. ಕೆಳಗಿನ ನೀರು ಆ ಕಲ್ಲುಗಳನ್ನು ಅರಿಯದು. ಒಂದು ಹೊಲದಲ್ಲಿ ಎತ್ತಿದುದು ಇನ್ನೊಂದು ಹೊಲದಲ್ಲಿ ಕಡಿಮೆಯಾಗುತ್ತದೆ. ಸುರಂಗ ಬಾವಿಯನ್ನು ಕಾಯ್ದುಕೊಳ್ಳುವುದೆಂದರೆ ಈ ಸತ್ಯವನ್ನು ಒಪ್ಪಿಕೊಂಡು ನಡೆಯುವುದೇ ಹೊರತು ಹಳೆಯ ಕಟ್ಟಡವೊಂದಕ್ಕೆ ಬೇಲಿ ಹಾಕುವುದಲ್ಲ.

ಥೇಮ್ಸ್ ನದಿಯ ಕೆಳಗಿನ ಸುರಂಗವು ಇಷ್ಟು ವರ್ಷ ಉಳಿದುದು ಅದು ದಿನವೂ ಬಳಕೆಯಲ್ಲಿರುವುದರಿಂದ. ಬಳಸುವವರು ಅದನ್ನು ಕಾಯುತ್ತಾರೆ. ಬೀದರಿನ ಸುರಂಗವು ಕೆಟ್ಟುದು ಯಾರ ಕೈಯಿಂದಲೂ ಅಲ್ಲ. ಬಳಕೆಯು ತಪ್ಪಿ ಹೋದುದರಿಂದ. ತಾವು ಎಂದಾದರೂ ಬೀದರಿಗೆ ಹೋದರೆ ಕೋಟೆಯನ್ನೂ ಮದರಸೆಯನ್ನೂ ಅಷ್ಟೂರಿನ ಗುಮ್ಮಟಗಳನ್ನೂ ನೋಡಿದ ಬಳಿಕ ನೌಬಾದಿಗೂ ಹೋಗಿರಿ. ಅಲ್ಲಿ ನೋಡುವುದಕ್ಕೆ ಹೆಚ್ಚೇನೂ ಇಲ್ಲ; ನೆಲದಲ್ಲಿ ಸಾಲಾಗಿ ಕೆಲವು ಬಾವಿಗಳು. ಅವುಗಳಲ್ಲಿ ಒಂದರ ಅಂಚಿನಲ್ಲಿ ನಿಂತು ಬಗ್ಗಿ ನೋಡಿರಿ. ಕೆಳಗೆ ನೀರಿದ್ದರೆ, ಆರು ನೂರು ವರ್ಷದ ಹಿಂದೆ ದೀಪವನ್ನು ಹಿಂದಿಟ್ಟುಕೊಂಡು ಕಲ್ಲನ್ನು ಕಡಿದವನ ಲೆಕ್ಕವು ಇನ್ನೂ ತಪ್ಪಿಲ್ಲವೆಂದು ತಿಳಿಯಿರಿ. ಇಲ್ಲದಿದ್ದರೆ, ಆ ಲೆಕ್ಕವನ್ನು ತಪ್ಪಿಸಿದವರು ನಾವೆಂದು ತಿಳಿಯಿರಿ.